ಗವರ್ನರ್ ಮುನ್ಯೋಸ್ ಬೆನ್ನು ಹತ್ತಿ ಒಂದು ದಿನ: ಪೋರ್ಟೊ ರಿಕೊದ ಒಂದು ಸಣ್ಣ ಟೂರ್ ಹೇಗಿತ್ತು

ನನ್ನ ಮಗಳು ಅಮೆರಿಕದ ಕೈಕೆಳಗಿರುವ ಪೋರ್ಟೊ ರಿಕೊ ದ್ವೀಪದಲ್ಲಿ, ಮನಾಟಿ ಅನ್ನೋ ಊರಿನ ಹತ್ತಿರ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಜೊತೆ ಮೂರು ತಿಂಗಳು ಇದ್ದು ಬಂದೆ. ಎರಡನೇ ವಾರಕ್ಕೇ ಸಮುದ್ರ ನೋಡಿ ನೋಡಿ ಸಾಕಾಗಿತ್ತು. ನಾನು ಅರಸೀಕೆರೆಯವಳು, ತೆಂಗಿನಮರ ನೋಡೋಕೆ ಅಷ್ಟು ದೂರ ಹೋಗಬೇಕಿರಲಿಲ್ಲ. "ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ್ದೀಯ, ನಿನಗೆ ಇದು ಸರಿಹೋಗುತ್ತೆ ಅಮ್ಮ" ಅಂತ ಅವಳೇ ಹುಡುಕಿ ಒಂದು ಟೂರ್ ಬುಕ್ ಮಾಡಿದಳು. ಇಡೀ ದಿನ, ಒಂದು ವ್ಯಾನು, ಆರು ಜನ. ವಿಷಯ ಒಬ್ಬ ರಾಜಕಾರಣಿಯ ಜೀವನ. ಹುಟ್ಟಿದ ಮನೆಯಿಂದ ಸಮಾಧಿಯ ತನಕ.

ರಾಜಕಾರಣಿ ಅಂದ ತಕ್ಷಣ ನನಗೆ ನಮ್ಮೂರ ಸರ್ಕಲ್ಲಿನ ಫ್ಲೆಕ್ಸುಗಳು ಕಣ್ಣಮುಂದೆ ಬಂದವು. ಆದರೂ ಹೋದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಊಟಕ್ಕೆ ಮತ್ತು ವ್ಯಾನಿನ ಎಸಿಗೆ ಹೋಯಿತು. ಹಾಗೆ ಸ್ವಲ್ಪ ಬೈಯುವವಳಿದ್ದೇನೆ, ಅದಕ್ಕೇ ಟೂರ್ ನಡೆಸುವವರ ಹೆಸರು ಹಾಕಿಲ್ಲ.

ಗೈಡ್ ಒಬ್ಬರು ನಿವೃತ್ತ ಮೇಷ್ಟ್ರು. ಎಪ್ಪತ್ತು ದಾಟಿದೆ. ವ್ಯಾನೂ ಅವರದೇ, ಓಡಿಸುವವರೂ ಅವರೇ. ನಾನೂ ಟೀಚರ್ ಆಗಿದ್ದೆ ಅಂತ ಮಗಳು ಹೇಳಿದ್ದೇ ತಡ, ಅವರು ನನ್ನನ್ನು "ಮಿಸ್ಸಿ" ಅಂತ ಕರೆಯೋಕೆ ಶುರು ಮಾಡಿದರು. ಅಲ್ಲಿನ ಮಕ್ಕಳು ಟೀಚರನ್ನು ಹಾಗೇ ಕರೆಯುವುದಂತೆ. ನಮ್ಮ ಶಾಲೆಯಲ್ಲಿ "ಮಿಸ್, ಮಿಸ್" ಅಂತ ಸೆರಗು ಎಳೆಯುತ್ತಿದ್ದ ಮಕ್ಕಳು ನೆನಪಾದರು. ಗಂಡು ಮೇಷ್ಟ್ರಾದರೆ ಅಲ್ಲಿ "ಮಿಸ್ಟರ್". ಹಾಗಾಗಿ ಇಲ್ಲಿ ನಾನೂ ಅವರನ್ನು ಮಿಸ್ಟರ್ ಅಂತಲೇ ಬರೆಯುತ್ತೇನೆ.

ಇನ್ನು ಆ ರಾಜಕಾರಣಿ. ಹೆಸರು ಲೂಯಿಸ್ ಮುನ್ಯೋಸ್ ಮಾರಿನ್. ಪೋರ್ಟೊ ರಿಕೊದ ಜನ ಓಟು ಹಾಕಿ ಆರಿಸಿದ ಮೊದಲ ಗವರ್ನರ್. ಗವರ್ನರ್ ಅಂದರೆ ನಮ್ಮ ರಾಜಭವನದಲ್ಲಿರುವ ರಾಜ್ಯಪಾಲರ ಹಾಗಲ್ಲ. ಅಲ್ಲಿ ಗವರ್ನರ್ ಅಂದರೆ ಹೆಚ್ಚು ಕಡಿಮೆ ಮುಖ್ಯಮಂತ್ರಿ. 1898ರಲ್ಲಿ ಅಮೆರಿಕ ಈ ದ್ವೀಪವನ್ನು ಸ್ಪೇನಿನಿಂದ ಕಿತ್ತುಕೊಂಡಿತು. ಆಮೇಲೆ ಐವತ್ತು ವರ್ಷ ಗವರ್ನರ್ ಯಾರು ಅಂತ ವಾಷಿಂಗ್ಟನ್ನೇ ತೀರ್ಮಾನಿಸುತ್ತಿತ್ತು. ಇವರು ಹುಟ್ಟಿದ್ದೂ 1898ರಲ್ಲೇ, ಫೆಬ್ರವರಿ 18ಕ್ಕೆ. ಜುಲೈ 25ಕ್ಕೆ ಅಮೆರಿಕದ ಸೈನ್ಯ ದಕ್ಷಿಣದ ಗ್ವಾನಿಕಾದಲ್ಲಿ ಇಳಿಯಿತು. ಅಂದರೆ ಐದು ತಿಂಗಳು ಮಾತ್ರ ಸ್ಪೇನಿನ ಪ್ರಜೆ!

ಟೂರ್ ಶುರುವಾಗುವುದು ರಾಜಧಾನಿ ಸ್ಯಾನ್ ಹುವಾನಿನ ಹಳೇ ಊರಿನ ಫೋರ್ತಲೇಸಾ ಬೀದಿಯಲ್ಲಿ. ಅವರು ಹುಟ್ಟಿದ್ದು ಅಲ್ಲೇ. ಬೀದಿಗೆ ಹಾಸಿರುವ ಇಟ್ಟಿಗೆಗಳು ನೀಲಿ ಬಣ್ಣ, ಕಬ್ಬಿಣದ ಕಿಟ್ಟದಿಂದ ಮಾಡಿದ್ದಂತೆ. ನೋಡೋಕೆ ಚೆಂದ, ಮಳೆ ಬಂದರೆ ಜಾರುತ್ತವೆ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ಅದೇ ಬೀದಿಯ ತುದಿಯಲ್ಲಿ ಲಾ ಫೋರ್ತಲೇಸಾ, ಗವರ್ನರ್ ಬಂಗಲೆ. 1533ರಲ್ಲಿ ಕೋಟೆ ಅಂತ ಕಟ್ಟಲು ಶುರು ಮಾಡಿದ ಕಟ್ಟಡ. ಹುಟ್ಟಿದ ಮನೆಯಿಂದ ಬಂಗಲೆಗೆ ಸುಮ್ನೆ ನಡೆದುಕೊಂಡು ಹೋಗಬಹುದು. ಈ ಮನುಷ್ಯನಿಗೆ ಮಾತ್ರ ಅಲ್ಲಿಗೆ ಹೋಗಲು ಐವತ್ತು ವರ್ಷ ಬೇಕಾಯಿತು.

ಮಿಸ್ಟರ್ ಪ್ರಶ್ನೆ ಕೇಳುತ್ತಾರೆ. ಇದು ಕೆಲವರಿಗೆ ಹಿಡಿಸದೇ ಹೋಗಬಹುದು. ನಮ್ಮ ಜೊತೆ ಫ್ಲಾರಿಡಾದಿಂದ ಬಂದಿದ್ದ ಗಂಡ ಹೆಂಡತಿಗೆ ಹಿಡಿಸಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ನನಗಂತೂ ಬೆಂಚಿನ ಆಚೆ ಬದಿ ಕೂತ ಖುಷಿ. "ಅಪ್ಪ ದೊಡ್ಡ ನಾಯಕನಾದರೆ ಮಗ ಏನಾಗುತ್ತಾನೆ ಮಿಸ್ಸಿ?" ಅಂದರು. "ನಮ್ಮಲ್ಲಾದರೆ ಟಿಕೆಟ್ ಸಿಗುತ್ತೆ" ಅಂದೆ. ಜೋರಾಗಿ ನಕ್ಕರು.

ಅಪ್ಪ ಲೂಯಿಸ್ ಮುನ್ಯೋಸ್ ರಿವೇರಾ. ಕವಿ, ಪತ್ರಕರ್ತ, ಪೋರ್ಟೊ ರಿಕೊ ಪರವಾಗಿ ಅಮೆರಿಕದ ಸಂಸತ್ತಿನಲ್ಲಿ ಕೂತವರು. ಆ ಕುರ್ಚಿಗೆ ಮಾತಾಡುವ ಹಕ್ಕಿದೆ, ಅಂತಿಮ ಓಟಿನ ಹಕ್ಕಿಲ್ಲ. ಇವತ್ತಿಗೂ ಹಾಗೇ. 1916ರಲ್ಲಿ ಅಪ್ಪ ತೀರಿಕೊಂಡಾಗ ಮಗನಿಗೆ ಹದಿನೆಂಟು. ಓದು ಅರ್ಧಕ್ಕೆ ಬಿಟ್ಟ. ನ್ಯೂಯಾರ್ಕಿನಲ್ಲಿ ಕವಿತೆ ಬರೆದುಕೊಂಡು, ಸಾಲ ಮಾಡಿಕೊಂಡು, ಮ್ಯೂನಾ ಲೀ ಅನ್ನೋ ಅಮೆರಿಕದ ಕವಯಿತ್ರಿಯನ್ನು ಮದುವೆಯಾಗಿ, ಹತ್ತು ಹನ್ನೆರಡು ವರ್ಷ ಅಲ್ಲಿ ಇಲ್ಲಿ ಅಲೆದ. ಊರಲ್ಲಿ ಅಡ್ಡಹೆಸರು "ಎಲ್ ವಾತೆ", ಅಂದರೆ ಕವಿ. ಈ ಭಾಗವನ್ನು ಮಿಸ್ಟರ್ ಐದೇ ನಿಮಿಷದಲ್ಲಿ ಮುಗಿಸಿದರು. ನನಗೆ ಇನ್ನೂ ಸ್ವಲ್ಪ ಬೇಕಿತ್ತು.

ಆಮೇಲೆ ವ್ಯಾನ್ ಹತ್ತಿದೆವು. ಎಸಿ ಹಿಂದಿನ ಸೀಟಿಗೆ ಬರುವುದೇ ಇಲ್ಲ. ಕಿಟಕಿಯೂ ಅರ್ಧ ಮಾತ್ರ ಇಳಿಯುತ್ತೆ. ತ್ರುಹೀಯೊ ಆಲ್ಟೊದಲ್ಲಿ ಮುನ್ಯೋಸ್ ವಾಸವಿದ್ದ ಮನೆ ಈಗ ಅವರ ಹೆಸರಿನ ಪ್ರತಿಷ್ಠಾನ. ಪಕ್ಕದಲ್ಲಿ ಅವರ ಎರಡನೇ ಹೆಂಡತಿ ಇನೆಸ್ ಮೆಂಡೋಸಾ ಹೆಸರಿನಲ್ಲಿ ಮರಗಳ ದೊಡ್ಡ ತೋಟ. ಅಲ್ಲಿ ನೆರಳಲ್ಲಿ ಕೂರಿಸಿ ಮಿಸ್ಟರ್ ಇನೆಸ್ ಕತೆ ಹೇಳಿದರು. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಇಲ್ಲೇ ವಸೂಲಾಯಿತು.

ಇನೆಸ್ ಹೈಸ್ಕೂಲ್ ಟೀಚರ್. ಆಗ ಅಮೆರಿಕದವರು ದ್ವೀಪದ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಆಗಬೇಕು ಅಂತ ಹಟ ಹಿಡಿದಿದ್ದರು. ಮನೆಯಲ್ಲಿ ಸ್ಪ್ಯಾನಿಷ್, ಊರಲ್ಲಿ ಸ್ಪ್ಯಾನಿಷ್, ಪುಸ್ತಕ ಮಾತ್ರ ಇಂಗ್ಲಿಷ್. ಪಾಠ ಹೇಳುವ ಟೀಚರಿಗೂ ಆ ಭಾಷೆ ಅಷ್ಟಕ್ಕಷ್ಟೇ. 1937ರಲ್ಲಿ ಒಂದು ತನಿಖಾ ಸಮಿತಿಯ ಮುಂದೆ ಇನೆಸ್, ಇದರಿಂದ ಮಕ್ಕಳು ಹಾಳಾಗುತ್ತಿದ್ದಾರೆ ಅಂತ ನೇರವಾಗಿ ಹೇಳಿದರು. ಕೆಲಸ ಹೋಯಿತು. ಮುನ್ಯೋಸ್ ಅವರನ್ನು ಮದುವೆಯಾದದ್ದು 1946ರಲ್ಲಿ. 1949ರ ಜನವರಿಯಲ್ಲಿ ಮುನ್ಯೋಸ್ ಗವರ್ನರ್ ಕುರ್ಚಿಯಲ್ಲಿ ಕೂತರು. ಅದೇ ವರ್ಷ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾಧ್ಯಮ ಬಂತು, ಇಂಗ್ಲಿಷ್ ಒಂದು ವಿಷಯವಾಗಿ ಉಳಿಯಿತು. ಮಿಸ್ಟರ್ ಆ ಮೊದಲ ತಲೆಮಾರಿನ ಮಕ್ಕಳಲ್ಲಿ ಒಬ್ಬರು. "ನಾನು ಎಣಿಸೋದು ನನ್ನ ಅಮ್ಮನ ಭಾಷೆಯಲ್ಲಿ. ನನ್ನ ಅಮ್ಮ ಎಣಿಸೋದು ಕಲಿತದ್ದು ಇಂಗ್ಲಿಷಿನಲ್ಲಿ, ಹತ್ತರ ತನಕ ಮಾತ್ರ" ಅಂದರು. ನಾನು ನಿವೃತ್ತಳಾಗುವ ಹೊತ್ತಿಗೆ ನಮ್ಮ ಕನ್ನಡ ಮಾಧ್ಯಮದ ಎಂಟನೇ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅದನ್ನು ಅವರಿಗೆ ಹೇಳೋಕೆ ಹೋಗಲಿಲ್ಲ.

ಅಲ್ಲಿಂದ ಬೆಟ್ಟದ ದಾರಿ. ಬರಾಂಕಿತಾಸ್ ದ್ವೀಪದ ನಡುವಿನ ಗುಡ್ಡದ ಊರು, ಮುನ್ಯೋಸ್ ಮನೆತನದ ಊರು. ಮಿಸ್ಟರ್ ಊರೂ ಅದರ ಹತ್ತಿರವೇ. ತಿರುವುಗಳು ಚಾರ್ಮಾಡಿ ಘಾಟಿ ನೆನಪಿಸುತ್ತವೆ. ವಾಂತಿ ಬರುವವರು ಮೊದಲೇ ಮಾತ್ರೆ ನುಂಗಿ. ಈ ದಾರಿಯಲ್ಲೇ ಅವರು ತಮ್ಮ ಅಜ್ಜಿಯ ಕತೆ ಶುರು ಮಾಡಿದರು.

ಅಜ್ಜಿಗೆ ಓದು ಬರಹ ಇರಲಿಲ್ಲ. ಜಮೀನೂ ಇರಲಿಲ್ಲ. ಸಾಹುಕಾರನ ಜಮೀನಿನ ಮೂಲೆಯಲ್ಲೊಂದು ಗುಡಿಸಲು. ಇಂಥವರಿಗೆ ಅಲ್ಲಿ "ಅಗ್ರೆಗಾದೊ" ಅನ್ನುತ್ತಾರೆ. ಕೆಲಸ ಬಿಟ್ಟರೆ ಗುಡಿಸಲೂ ಬಿಡಬೇಕು. ಓದು ಬಾರದ ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದೇ 1935ರಲ್ಲಿ. ಹಾಗಾಗಿ ಅಜ್ಜಿ ಮೊದಲ ಸಲ ಓಟು ಹಾಕಿದ್ದು 1936ರಲ್ಲಿ. ಆ ಓಟನ್ನು ಸಾಹುಕಾರನ ಮೇಸ್ತ್ರಿ ಎರಡು ಡಾಲರಿಗೆ ಕೊಂಡ. ಆ ಕಾಲದ ರೇಟು ಅದೇ. ಎರಡು ಡಾಲರು, ಕೆಲವು ಕಡೆ ಒಂದು ಜೊತೆ ಬೂಟು.

1938ರಲ್ಲಿ ಮುನ್ಯೋಸ್ ಹಳೇ ಪಕ್ಷದಿಂದ ಹೊರಬಿದ್ದು ಹೊಸ ಪಕ್ಷ ಕಟ್ಟಿದರು. ಗುರುತು, ಗುಡ್ಡಗಾಡಿನ ರೈತ ಹಾಕುವ ಹುಲ್ಲಿನ ಟೋಪಿ. ಆ ಟೋಪಿಗೆ ಪಾವಾ ಅನ್ನುತ್ತಾರೆ, ಆ ರೈತನಿಗೆ ಹೀಬಾರೊ. ಘೋಷಣೆ ಮೂರೇ ಮಾತು: ರೊಟ್ಟಿ, ಭೂಮಿ, ಸ್ವಾತಂತ್ರ್ಯ. ಹಳ್ಳಿ ಹಳ್ಳಿಗೆ ಹೋಗಿ ಅವರು ಹೇಳಿದ್ದು ಇಷ್ಟು: ನಿಮಗೆ ಎರಡು ಡಾಲರ್ ಬೇಕೋ ನ್ಯಾಯ ಬೇಕೋ, ಎರಡೂ ಸಿಗುವುದಿಲ್ಲ. ಓಟನ್ನು ಮಾರಬೇಡಿ, ನನಗೆ ಸಾಲ ಕೊಡಿ. ನಾನು ಮಾತಿಗೆ ತಪ್ಪಿದರೆ ಮುಂದಿನ ಸಲ ವಾಪಸ್ ತಗೊಳ್ಳಿ. ಓದು ಬಾರದವರಿಗೆ ಓದಿ ಹೇಳಲಿ ಅಂತ ಒಂದು ಪುಕ್ಕಟೆ ಪತ್ರಿಕೆಯನ್ನೂ ತಂದರು. ಅದರ ಹೆಸರು "ಎಲ್ ಬಾತೇಯ್". ಮನೆ ಮುಂದಿನ ಅಂಗಳ ಅಂತ ಅರ್ಥ.

ಓಟನ್ನು ಸಾಲ ಕೊಡುವುದು! ನಮ್ಮಲ್ಲಿ ಇಂಥ ಮಾತನ್ನು ಯಾರೂ ಆಡಿದ್ದು ಕೇಳಿಲ್ಲ. ನಾನು ಎಷ್ಟೋ ಚುನಾವಣೆಗಳಲ್ಲಿ ಬೂತಿನಲ್ಲಿ ಕೂತು ಬೆರಳಿಗೆ ಶಾಯಿ ಹಚ್ಚಿದ್ದೇನೆ. ಹಿಂದಿನ ರಾತ್ರಿ ಬೀದಿಯಲ್ಲಿ ಏನು ಹಂಚಿರುತ್ತಾರೆ ಅನ್ನುವುದು ಶಾಯಿ ಹಚ್ಚುವವರಿಗೂ ಗೊತ್ತು, ಹಚ್ಚಿಸಿಕೊಳ್ಳುವವರಿಗೂ ಗೊತ್ತು. ಅಜ್ಜಿ 1940ರಲ್ಲಿ ಏನು ಮಾಡಿದರು ಅಂತ ಕೇಳಿದೆ. "ಎರಡು ಡಾಲರ್ ತಗೊಂಡಳು. ಓಟು ಮಾತ್ರ ಟೋಪಿಗೆ ಹಾಕಿದಳು" ಅಂದರು ಮಿಸ್ಟರ್. ಪುಣ್ಯಾತ್ಗಿತ್ತಿ!

ಆ ಚುನಾವಣೆಯಲ್ಲಿ ದ್ವೀಪದ ಸೆನೆಟ್ಟಿನ, ಅಂದರೆ ಮೇಲ್ಮನೆಯ, 19 ಸ್ಥಾನಗಳಲ್ಲಿ 10 ಮುನ್ಯೋಸ್ ಪಕ್ಷಕ್ಕೆ ಸಿಕ್ಕಿದವು. ಒಂದೇ ಒಂದು ಜಾಸ್ತಿ. ಅಷ್ಟೇ ಸಾಕಾಯಿತು. ಒಂದು ಕಂಪನಿಗೆ 500 ಎಕರೆಗಿಂತ ಜಾಸ್ತಿ ಜಮೀನು ಇರಬಾರದು ಅಂತ 1900ರಿಂದಲೇ ಕಾನೂನಿತ್ತು. ಕಬ್ಬಿನ ಕಂಪನಿಗಳಿಗೆ ಅಂಜಿ ನಲವತ್ತು ವರ್ಷ ಯಾರೂ ಮುಟ್ಟಿರಲಿಲ್ಲ. 1941ರಲ್ಲಿ ಹೊಸ ಭೂ ಕಾಯ್ದೆ ಬಂತು. ರೂಸ್‌ವೆಲ್ಟ್ ಕಳಿಸಿದ್ದ ಗವರ್ನರ್ ರೆಕ್ಸ್‌ಫರ್ಡ್ ಟಗ್‌ವೆಲ್ ಕೂಡ ಜೊತೆಗೆ ನಿಂತರು. ಜಮೀನಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು, ನಾಲ್ಕು ಬಾಳೆ ನೆಡಲು ಆಗುವಷ್ಟು ತುಂಡು ಜಾಗ ಹಂಚಿದರು. ಅದಕ್ಕೆ "ಪಾರ್ಸೇಲಾ" ಅನ್ನುತ್ತಾರೆ. ಅಜ್ಜಿಗೂ ಒಂದು ಸಿಕ್ಕಿತು. ಮನೆ ಕಟ್ಟಿ, ಗೋಡೆಯ ಮೇಲೆ ಏಸುವಿನ ಪಟದ ಪಕ್ಕದಲ್ಲೇ ಮುನ್ಯೋಸ್ ಪಟ ಹಾಕಿದರಂತೆ. ಅರಸು ಅವರ ಕಾಲದಲ್ಲಿ ಭೂಮಿ ಸಿಕ್ಕಿದವರ ಮನೆಗಳಲ್ಲಿ ನಾನೂ ಇಂಥ ಪಟ ನೋಡಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದೂ ಒಂದು ಪಕ್ಷದ ಜಾಹೀರಾತೇ ಆಗುತ್ತಿತ್ತು. ಮಿಸ್ಟರ್ ನಿಲ್ಲಿಸಲಿಲ್ಲ. ಆ ಮನೆಗೆ ಬರುತ್ತಿದ್ದ ಅವರ ಸೋದರಮಾವ ಒಳಗೆ ಕಾಲಿಟ್ಟ ಕೂಡಲೇ ಆ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದರಂತೆ. ಮಾವ ಅಮೆರಿಕದಿಂದ ಸ್ವಾತಂತ್ರ್ಯ ಬೇಕು ಅನ್ನುವವರು, ಆ ಹೋರಾಟದ ನಾಯಕ ಪೆದ್ರೊ ಅಲ್ಬಿಸು ಕಾಂಪೋಸ್ ಕಡೆಯವರು. ಮುನ್ಯೋಸ್ ಕೂಡ ಹಿಂದೆ ಸ್ವಾತಂತ್ರ್ಯವನ್ನೇ ಕೇಳುತ್ತಿದ್ದವರು. ಆಮೇಲೆ ಮೊದಲು ಹೊಟ್ಟೆ, ಆಮೇಲೆ ಬಾವುಟ ಅನ್ನುವ ದಾರಿ ಹಿಡಿದರು. ಮಾವನ ಪ್ರಕಾರ ಅದು ದ್ರೋಹ. ಅಜ್ಜಿ ಪಟವನ್ನು ನೆಟ್ಟಗೆ ತಿರುಗಿಸಿ, "ನೀನು ಕೂತಿರೋ ನೆಲ ಅವನು ಕೊಟ್ಟಿದ್ದು ಕಣೋ" ಅನ್ನುತ್ತಿದ್ದರಂತೆ.

1948ರಲ್ಲಿ ಎರಡು ಘಟನೆ ನಡೆದವು. ಜೂನಿನಲ್ಲಿ 53ನೇ ಕಾನೂನು ಬಂತು. ಜನ ಅದಕ್ಕೆ ಇಟ್ಟ ಹೆಸರು "ಬಾಯಿಗೆ ಬಟ್ಟೆ ಕಾನೂನು". ಸ್ವಾತಂತ್ರ್ಯದ ಮಾತಾಡಿದರೆ, ಪೋರ್ಟೊ ರಿಕೊ ಬಾವುಟ ಹಾರಿಸಿದರೆ ಜೈಲು. ಅದನ್ನು ಪಾಸು ಮಾಡಿದ ಸೆನೆಟ್ಟಿನ ಅಧ್ಯಕ್ಷರು ಮುನ್ಯೋಸ್. ನವೆಂಬರಿನಲ್ಲಿ ಅದೇ ಮುನ್ಯೋಸ್ ನೂರಕ್ಕೆ 61 ಓಟು ಪಡೆದು ಗವರ್ನರ್ ಆದರು. 1950ರ ಅಕ್ಟೋಬರ್ 30ಕ್ಕೆ ಅಲ್ಬಿಸು ಕಡೆಯವರು ದಂಗೆ ಎದ್ದರು. ಒಂದು ಗುಂಪು ಕಾರಿನಲ್ಲಿ ಬಂದು ಲಾ ಫೋರ್ತಲೇಸಾ ಮೇಲೆ ಗುಂಡು ಹಾರಿಸಿತು. ಮುನ್ಯೋಸ್ ಒಳಗೇ ಇದ್ದರು. ಗುಡ್ಡದ ಊರು ಹಯೂಯಾ ಮೇಲೆ ವಿಮಾನದಿಂದ ಬಾಂಬು ಬಿತ್ತು. ಊರೂರಲ್ಲಿ ಹಿಡಿದು ಒಳಗೆ ಹಾಕಿದರು. ಮಾವನೂ ಒಳಗೆ ಹೋದರು. ಅವರ ಮೇಲಿದ್ದ ಆರೋಪ, ಹಾಸಿಗೆಯ ಒಳಗೆ ಹೊಲಿದಿಟ್ಟಿದ್ದ ಒಂದು ಬಾವುಟ.

1952ರ ಜುಲೈ 25ಕ್ಕೆ, ಅಂದರೆ ಅಮೆರಿಕ ಬಂದಿಳಿದ ದಿನವೇ, ಪೋರ್ಟೊ ರಿಕೊದ ಹೊಸ ಸಂವಿಧಾನ ಜಾರಿಗೆ ಬಂತು. ಮುನ್ಯೋಸ್ ತಮ್ಮ ಕೈಯಾರೆ ಅದೇ ಬಾವುಟ ಏರಿಸಿದರು. ಈಗ ಅದು ಸರ್ಕಾರಿ ಬಾವುಟ. "ನೀಲಿ ಬಣ್ಣ ನೋಡಿ ಮಿಸ್ಸಿ" ಅಂತ ಬೆಳಿಗ್ಗೆ ಸ್ಯಾನ್ ಹುವಾನಿನ ಗೋಡೆಗಳ ಮೇಲಿನ ಬಾವುಟಗಳನ್ನು ಯಾಕೆ ತೋರಿಸಿದ್ದರು ಅಂತ ನನಗೆ ಈಗ ತಿಳಿಯಿತು. ಸರ್ಕಾರದ್ದು ಗಾಢ ನೀಲಿ, ಅಮೆರಿಕದ ಬಾವುಟದ ಹಾಗೆ. ಮಾವನಂಥವರದ್ದು ತಿಳಿ ನೀಲಿ. ಬಾಯಿಗೆ ಬಟ್ಟೆ ಕಾನೂನು ರದ್ದಾಗಲು 1957 ಬಂತು. ಅಲ್ಬಿಸುವನ್ನು ಮುನ್ಯೋಸ್ 1953ರಲ್ಲಿ ಕ್ಷಮಿಸಿ ಬಿಟ್ಟರು, 1954ರಲ್ಲಿ ಮತ್ತೆ ಹಿಡಿಸಿದರು, 1964ರಲ್ಲಿ ಮತ್ತೆ ಬಿಟ್ಟರು. ಅಷ್ಟು ಹೊತ್ತಿಗೆ ಆ ಮನುಷ್ಯ ಹಾಸಿಗೆ ಹಿಡಿದಿದ್ದರು.

ಫ್ಲಾರಿಡಾದವರು, "ಹಾಗಾದರೆ ಅವರು ಒಳ್ಳೆಯವರೋ ಕೆಟ್ಟವರೋ?" ಅಂತ ಕೇಳಿದರು. ಮಿಸ್ಟರ್, "ಊಟ ಆದಮೇಲೆ ಹೇಳ್ತೀನಿ" ಅಂದವರು ಆಮೇಲೆ ಹೇಳಲೇ ಇಲ್ಲ.

ಊಟದ ವಿಷಯಕ್ಕೆ ಬರೋಣ. ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆದಿದ್ದೆವು. ದಾರಿ ಬದಿಯ ಹೋಟೆಲಿನಲ್ಲಿ ಇಡೀ ಹಂದಿ ಕಂಬಕ್ಕೆ ಕಟ್ಟಿ ಕೆಂಡದ ಮೇಲೆ ತಿರುಗುತ್ತಿತ್ತು. ನನ್ನ ತಟ್ಟೆಗೆ ಬಂದದ್ದು ಅನ್ನ ಮತ್ತು ಕಾಳು. "ಗಂದೂಲೆಸ್" ಅಂದರು. ಬಾಯಿಗಿಟ್ಟರೆ ನಮ್ಮ ಹಸಿ ತೊಗರಿಕಾಳು! ಖುಷಿಯಿಂದ ನಾಲ್ಕು ತುತ್ತು ತಿಂದಮೇಲೆ ಮಗಳು ಅನ್ನದೊಳಗಿಂದ ಒಂದು ಮಾಂಸದ ಚೂರು ಎತ್ತಿ ತೋರಿಸಿದಳು. ಅಲ್ಲಿಗೆ ಊಟ ಮುಗಿಯಿತು. ಮಿಸ್ಟರ್ ತುಂಬಾ ಬೇಜಾರು ಮಾಡಿಕೊಂಡು ಕರಿದ ಬಾಳೆಕಾಯಿ ತರಿಸಿದರು. ತೊಸ್ತೋನೆಸ್ ಅಂತೆ. ಚೆನ್ನಾಗಿತ್ತು, ಹೊಟ್ಟೆ ತುಂಬಲಿಲ್ಲ. ಸಸ್ಯಾಹಾರಿಗಳು ಮೊಸರನ್ನ ಕಟ್ಟಿಕೊಂಡೇ ಹೋಗಿ.

ಬರಾಂಕಿತಾಸ್ ಚಿಕ್ಕ ಊರು. ಚೌಕದ ಹತ್ತಿರವೇ ಮುನ್ಯೋಸ್ ಅಪ್ಪ ಹುಟ್ಟಿದ ಮರದ ಮನೆ, ಈಗ ಸಣ್ಣ ಮ್ಯೂಸಿಯಂ. ಅಲ್ಲಿಂದ ಸ್ವಲ್ಪ ನಡೆದರೆ ಸಮಾಧಿ, ಅಪ್ಪ ಮಗ ಒಂದೇ ಕಡೆ. ಮುನ್ಯೋಸ್ ತೀರಿಕೊಂಡದ್ದು 1980ರ ಏಪ್ರಿಲ್ 30ಕ್ಕೆ. ಸ್ಯಾನ್ ಹುವಾನಿನಿಂದ ಈ ಬೆಟ್ಟದ ತನಕ ದಾರಿಯುದ್ದಕ್ಕೂ ಜನ ನಿಂತಿದ್ದರಂತೆ. ಮಿಸ್ಟರ್ ಅಜ್ಜಿಯ ಜೊತೆ ನಿಂತಿದ್ದರು. ಮಾವನೂ ಬಂದಿದ್ದರಾ ಅಂತ ಕೇಳಿದೆ. "ಅಜ್ಜಿಗೆ ಕುರ್ಚಿ ತಂದು ಹಾಕಿಕೊಟ್ಟ. ಅವನು ಮಾತ್ರ ಬೆನ್ನು ಮಾಡಿ ನಿಂತಿದ್ದ" ಅಂದರು.

ವಾಪಸ್ ಬರುವಾಗ ವಿಮಾನ ನಿಲ್ದಾಣದ ಹತ್ತಿರದ ಉದ್ದನೆಯ ಸೇತುವೆ ದಾಟಿದೆವು. ಅದಕ್ಕೆ ತಿಯೊದೊರೊ ಮೊಸ್ಕೊಸೊ ಹೆಸರು. ಪೋನ್ಸೆ ಊರಿನ ಔಷಧಿ ಅಂಗಡಿ ಮನೆತನದವರು, ಮುನ್ಯೋಸ್ ಬಲಗೈ. "ಇಲ್ಲಿಗೆ ಬಂದು ಫ್ಯಾಕ್ಟರಿ ಹಾಕಿ, ತೆರಿಗೆ ಬೇಡ" ಅಂತ 1947ರಿಂದ ಅಮೆರಿಕದ ಕಂಪನಿಗಳನ್ನು ಕರೆದವರು. ಮೊದಲು ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದವು, ಆಮೇಲೆ ಔಷಧಿಯವು. ಕಬ್ಬು ಬಿದ್ದುಹೋಯಿತು. ಗದ್ದೆ ಬಿಟ್ಟವರಿಗೆಲ್ಲ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ. 1950ರ ದಶಕ ಒಂದರಲ್ಲೇ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ನ್ಯೂಯಾರ್ಕ್ ಕಡೆ ವಿಮಾನ ಹತ್ತಿದರು. ಮಿಸ್ಟರ್ ಅಪ್ಪನೂ ಒಬ್ಬರು. ಮಗಳು ಕಿಟಕಿಯಿಂದ ಹೊರಗೆ ನೋಡುತ್ತಾ, "ಅಮ್ಮ, ನನ್ನ ಕೆಲಸಕ್ಕೂ ಇವರೇ ಕಾರಣ ಅನ್ನು" ಅಂದಳು. ಹೌದಲ್ವಾ, ಇಲ್ಲಿಯವರು ಹೋದರು, ಅರಸೀಕೆರೆ ಹುಡುಗಿ ಬಂದಳು. ಆ ವಿಮಾನ ನಿಲ್ದಾಣಕ್ಕೆ 1985ರಿಂದ ಮುನ್ಯೋಸ್ ಹೆಸರೇ. ನಾನು ಅಲ್ಲೇ ಇಳಿದಿದ್ದೆ, ಬೋರ್ಡ್ ನೋಡಿರಲೂ ಇಲ್ಲ.

1964ರಲ್ಲಿ ಐದನೇ ಸಲ ನಿಲ್ಲಿ ಅಂತ ಪಕ್ಷದವರು ಕೂಗಾಡಿದರೂ ಮುನ್ಯೋಸ್ ನಿಲ್ಲಲಿಲ್ಲ. ಹದಿನಾರು ವರ್ಷ ಸಾಕು ಅಂತ ಬಿಟ್ಟರು. ಇದನ್ನು ಮಿಸ್ಟರ್ ಸಿಗ್ನಲ್ಲಿನಲ್ಲಿ ನಿಂತಾಗ ಅವಸರದಲ್ಲಿ ಹೇಳಿ ಮುಗಿಸಿದರು. ನಮ್ಮವರು ಯಾರಾದರೂ ಕೇಳಿಸಿಕೊಳ್ಳಲಿ ಅಂತ ನಾನು ಇಲ್ಲಿ ಬರೆದಿದ್ದೇನೆ.

ಹೋಗುವವರಿಗೆ: ಬೆಳಿಗ್ಗೆ ಎಂಟೂವರೆ ಅಂದರೆ ಎಂಟೂವರೆಗೇ ವ್ಯಾನ್ ಹೊರಡುತ್ತೆ. ವಾಪಸ್ ಬರುವಾಗ ಏಳಾಗುತ್ತೆ. ಮುಂದಿನ ಸೀಟು ಕೇಳಿ ಹಾಕಿಸಿಕೊಳ್ಳಿ, ಎಸಿ ಅಲ್ಲಿಗೆ ಮಾತ್ರ. ಮಂಡಿ ನೋವಿನವರು ಬರಾಂಕಿತಾಸಿನ ಏರು ಬೀದಿಯಲ್ಲಿ ನಿಧಾನಕ್ಕೆ ಹತ್ತಿ, ಅವರು ಕಾಯುತ್ತಾರೆ. ಬಾತ್‌ರೂಮಿಗೆ ದಾರಿಯಲ್ಲಿ ಎರಡೇ ಸಲ ನಿಲ್ಲಿಸುತ್ತಾರೆ. ಇಳಿಯುವಾಗ ಟಿಪ್ ಕೊಡಲು ಹೋದೆ. ಟೀಚರ್ ಹತ್ತಿರ ತಗೊಳ್ಳಲ್ಲ ಅಂದರು. ಬ್ಯಾಗಿನಲ್ಲಿ ಉಳಿದಿದ್ದ ಕೋಡುಬಳೆ ಪೊಟ್ಟಣ ಕೊಟ್ಟೆ. ಒಂದು ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಇನ್ನೊಂದು ತಗೊಂಡರು.